ಪತ್ತೆಯಾಗದ ಹತ್ತು ಮಂದಿ

ದೊಡ್ಡ ಡಾಕ್ಟರ ಬಿಳಿ ಕೋಟನ್ನು ಹನ್ನೆರಡು ವರ್ಷ ಒಗೆದವಳು ನಾನು. ಅವರ ಕಾಲರಿನ ಕೊಳೆ ಅವರ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ಅವರಿಗೆ ಮಾತ್ರ ನನ್ನ ಮುಖ ಗೊತ್ತಿರಲಿಲ್ಲ. ಅದಕ್ಕೆ ನನಗೇನೂ ಬೇಜಾರಿರಲಿಲ್ಲ. ಕೋಟು ಒಗೆಯುವವಳ ಮುಖ ಕಟ್ಟಿಕೊಂಡು ಅವರಿಗೇನಾಗಬೇಕು? ಆದರೆ ಒಂದು ದಿನ ಅವರಿಗೆ ನನ್ನ ರಕ್ತ ಬೇಕಾಯಿತು.

ನಮ್ಮ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲಿನ ಏಳು ಮಹಡಿಗಳ ಕೊಳೆಬಟ್ಟೆ ಗೋಡೆಯೊಳಗಿನ ತಗಡಿನ ಕೊಳವೆಯಿಂದ ಜಾರಿ ದೊಪ್ಪನೆ ನಮ್ಮ ಮುಂದೆ ಬೀಳುತ್ತದೆ. ರಕ್ತ, ಕೀವು, ಹೇಲು, ವಾಂತಿ. ಕೆಲವು ಹೊದಿಕೆ ಇನ್ನೂ ಬೆಚ್ಚಗಿರುತ್ತವೆ. ಅವನ್ನು ನೇರವಾಗಿ ಮೆಷಿನ್ನಿಗೆ ತುಂಬುವ ಹಾಗಿಲ್ಲ. ಮೊದಲು ಕೊಡವಬೇಕು. ಕೊಡವುವುದು ಇಬ್ಬರ ಕೆಲಸ. ಒಬ್ಬಳು ಎರಡು ಮೂಲೆ, ಇನ್ನೊಬ್ಬಳು ಎರಡು ಮೂಲೆ ಹಿಡಿದು ಜೋರಾಗಿ ಒದರಿದರೆ ಒಳಗೆ ಸುತ್ತಿಕೊಂಡದ್ದೆಲ್ಲ ನೆಲಕ್ಕೆ ಬೀಳುತ್ತದೆ. ಕತ್ತರಿ ಬೀಳುತ್ತದೆ. ಚಮಚ ಬೀಳುತ್ತದೆ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಬಿದ್ದಿತ್ತು. ಸೂಜಿಯಂತೂ ದಿನಾ ಬೀಳುತ್ತದೆ, ಕೆಲವು ಸಲ ಕೈಗೇ ಬೀಳುತ್ತದೆ.

ನನ್ನ ಎದುರು ತುದಿ ಹಿಡಿಯುತ್ತಿದ್ದವಳು ನನ್ನ ನಾದಿನಿ, ಗಂಡನ ತಂಗಿ. ನನಗಿಂತ ಹದಿನಾರು ವರ್ಷ ಚಿಕ್ಕವಳು. ನಮ್ಮ ಮನೆಯಲ್ಲೇ ಇದ್ದಾಳೆ. ಅವಳನ್ನು ಈ ಕೆಲಸಕ್ಕೆ ಸೇರಿಸಿದ ಪುಣ್ಯಾತ್ಗಿತ್ತಿ ನಾನೇ. ಒಂದು ಮಧ್ಯಾಹ್ನ ಆಪರೇಷನ್ ಕೋಣೆಯ ಹಸಿರು ಬಟ್ಟೆ ಒದರುವಾಗ ಸೂಜಿಯೊಂದು ನನ್ನ ಅಂಗೈಯಲ್ಲಿ ನೆಟ್ಟಗೆ ನಾಟಿತು. ಅವಳು ಓಡಿಬಂದು ಕಿತ್ತಳು. ಕಿತ್ತ ರಭಸಕ್ಕೆ ಅದು ಅವಳ ಹೆಬ್ಬೆರಳಿಗೂ ಚುಚ್ಚಿತು. ಇಬ್ಬರೂ ಬ್ಲೀಚ್ ನೀರಿಗೆ ಕೈ ಅದ್ದಿ, ಉರಿ ತಾಳಲಾರದೆ ನಗಾಡಿ, ಮತ್ತೆ ಮೂಲೆ ಹಿಡಿದೆವು.

ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಇಸ್ತ್ರಿ. ಅವನ ಅಂಗಿಯಲ್ಲೂ ಮುಖದಲ್ಲೂ ಒಂದು ಸುಕ್ಕು ಕಂಡವರಿಲ್ಲ. ಸೂಜಿ ಚುಚ್ಚಿತು ಎಂದರೆ ಅವನು ಬರೆದುಕೊಳ್ಳುವುದು ಒಂದೇ ಮಾತು, ಅಜಾಗರೂಕತೆ. ಮೂರು ಸಲ ಬರೆದರೆ ಮನೆಗೆ. ತಿಂಗಳಿಗೆ ಒಂದು ಜೊತೆ ಕೈಗವಸು ಕೊಡುತ್ತಿದ್ದ. ಅದು ಮೊದಲ ವಾರದಲ್ಲೇ ಹರಿದು ಚಿಂದಿಯಾಗುತ್ತಿತ್ತು. ಉಳಿದ ಮೂರು ವಾರ ನಮ್ಮ ಚರ್ಮವೇ ಕೈಗವಸು.

ಇಂಥ ಕಡೆಗೆ ಪಟ್ಟಿಯವಳು ಇಳಿದು ಬಂದಳು. ಮೆತ್ತನೆ ಬೂಟು, ಎದೆಗೆ ಅವಚಿಕೊಂಡ ಕಾಗದದ ಹಲಗೆ, ಮೂಗಿಗೆ ಕರವಸ್ತ್ರ. ಮೇಲಿನ ಯಾವುದೋ ಅಧ್ಯಯನದ ಪಟ್ಟಿ ನೋಡಿಕೊಳ್ಳುವ ಹುಡುಗಿ. "ಎಲ್ಲರಿಗೂ ಉಚಿತ ರಕ್ತಪರೀಕ್ಷೆ" ಎಂದಳು. ಒಗೆಯುವವರು, ಕಸದ ಗಾಡಿ ತಳ್ಳುವವರು, ಶವಾಗಾರ ತೊಳೆಯುವವರು ಸಾಲು ನಿಂತೆವು. ಹತ್ತು ವರ್ಷದಲ್ಲಿ ನನ್ನ ಆರೋಗ್ಯ ಕೇಳಿದವರಲ್ಲಿ ಅವಳೇ ಮೊದಲು. ಆಸ್ಪತ್ರೆಗೆ ನಮ್ಮ ಮೇಲೆ ಕೊನೆಗೂ ಕನಿಕರ ಹುಟ್ಟಿತಲ್ಲ ಎಂದು ನಾನು ನಿಜವಾಗಿಯೂ ಹಿಗ್ಗಿದೆ. ಅಷ್ಟು ದಡ್ಡಿ ನಾನು.

ಇಪ್ಪತ್ತೆರಡು ಮಂದಿಯ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು. ನಾನು, ನಾದಿನಿ ಇಬ್ಬರೂ ಅದರಲ್ಲಿದ್ದೆವು.

ದೊಡ್ಡ ಡಾಕ್ಟರು ನಮ್ಮನ್ನೆಲ್ಲ ಮೇಲಕ್ಕೆ ಕರೆಸಿ ತಣ್ಣನೆ ಕೋಣೆಯಲ್ಲಿ ಕೂರಿಸಿದರು. ಈ ವೈರಸ್ಸು ಪಿತ್ತಕೋಶದ ಪಕ್ಕದ ದೊಡ್ಡ ಅಂಗವನ್ನು, ಅದೇ ಯಕೃತ್ತನ್ನು, ವರ್ಷಗಟ್ಟಲೆ ಸದ್ದಿಲ್ಲದೆ ತಿನ್ನುತ್ತದೆ ಎಂದರು. ತಿಂದು ತಿಂದು ಅದು ಕಲ್ಲಾಗುತ್ತದೆ, ಆಮೇಲೆ ಹೊಟ್ಟೆಗೆ ನೀರು ತುಂಬುತ್ತದೆ ಎಂದರು. ಆಮೇಲೆ ಏನು ಎಂದು ಯಾರೂ ಕೇಳಲಿಲ್ಲ.

"ನಿಮ್ಮ ಅದೃಷ್ಟ ಚೆನ್ನಾಗಿದೆ. ಎರಡು ಚಿಕಿತ್ಸೆ ಇದೆ. ಹಳೇದು, ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ದಿನಾ ಕ್ಯಾಪ್ಸೂಲು, ನಲವತ್ತೆಂಟು ವಾರ. ಹೊಸದು, ದಿನಕ್ಕೊಂದು ಗುಳಿಗೆ, ಹನ್ನೆರಡೇ ವಾರ. ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ಇದು. ಎರಡನ್ನೂ ಹೋಲಿಸಿ ನೋಡ್ತೀವಿ. ಬೇರೆ ಬೇರೆ ಊರಿನ ಹದಿನೆಂಟು ಆಸ್ಪತ್ರೆಯಲ್ಲಿ ಇದೇ ನಡೀತಿದೆ."

ಕಸದ ಗಾಡಿ ತಳ್ಳುವವನೊಬ್ಬನಿದ್ದ. ಎಲ್ಲರಿಗೂ ಗಾಡಿಯಣ್ಣ. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಎದ್ದು ನಿಂತು ಕೇಳಿದ:

"ಸಾರ್, ಗುಳಿಗೆ ಮೇಲು ಅಂತ ಅನ್ನಿಸಿದ್ದಕ್ಕೇ ತಾನೇ ಅದನ್ನ ತಂದಿರೋದು? ಹಾಗಿದ್ರೆ ಎಲ್ರಿಗೂ ಅದನ್ನೇ ಕೊಟ್ಬಿಡಿ. ನಮಗೂ ಕಷ್ಟ ಇಲ್ಲ, ನಿಮಗೂ ಬರೆಯೋದು ತಪ್ಪುತ್ತೆ."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. "ಅನ್ನಿಸೋದು ಬೇರೆ, ಸಾಬೀತು ಮಾಡೋದು ಬೇರೆ ಕಣಪ್ಪ" ಎಂದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇಂಜೆಕ್ಷನ್‌ನವರು ಹೆದರಬೇಡಿ. ನಿಮಗೆ ವಾಸಿ ಆಗದೇ ಇದ್ರೆ ಕೊನೇಲಿ ಗುಳಿಗೆ ಕೊಡ್ತೀವಿ. ಯಾರನ್ನೂ ಕೈಬಿಡಲ್ಲ."

ಹೆಗಲ ಮೇಲೆ ಕೈ ಬಿದ್ದ ಮೇಲೆ ಇನ್ನೇನು ಓದುವುದು? ಹನ್ನೊಂದು ಪುಟಕ್ಕೂ ಸಹಿ ಹಾಕಿದೆ.

ಲಕೋಟೆ ಹಂಚಿದರು. ಆಯ್ಕೆ ಯಾರದೂ ಅಲ್ಲವಂತೆ, ಕಂಪ್ಯೂಟರಿನದಂತೆ. ನಾದಿನಿಯ ಲಕೋಟೆಯಲ್ಲಿ ಗುಳಿಗೆ ಬಂತು. ನನ್ನದರಲ್ಲಿ ಇಂಜೆಕ್ಷನ್ ಬಂತು. ಸದ್ಯ, ಚಿಕ್ಕವಳಿಗೆ ಒಳ್ಳೆಯದು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಅದರ ಬೆನ್ನಿಗೇ ಅದು ನನಗೆ ಬರಬಾರದಿತ್ತೇ ಎಂದೂ ಅನ್ನಿಸಿತು. ಎರಡೂ ಅನ್ನಿಸಿದ್ದು ನಿಜ, ಮುಚ್ಚಿಡುವುದೇನು? ಹದಿನೆಂಟು ಆಸ್ಪತ್ರೆಯ ಒಟ್ಟು ಲೆಕ್ಕದಲ್ಲಿ ನನಗೆ ಮೂವತ್ತೊಂದು ಎಂಬ ನಂಬರು ಕೊಟ್ಟರು. ಗಾಡಿಯಣ್ಣನೂ ಇಂಜೆಕ್ಷನ್ನಿಗೆ ಬಿದ್ದ. ಹನ್ನೊಂದು ಜನ ನಾವು, ಹನ್ನೊಂದು ಜನ ಅವರು.

ಇಂಜೆಕ್ಷನ್ ಹೊಟ್ಟೆಯ ಚರ್ಮ ಹಿಂಡಿ ಹಿಡಿದು ಕೊಡುತ್ತಿದ್ದರು. ಬೆಳಿಗ್ಗೆ ಚುಚ್ಚಿದರೆ ಮಧ್ಯಾಹ್ನಕ್ಕೆ ಚಳಿ ಹಿಡಿಯುತ್ತಿತ್ತು. ನೆಲಮಾಳಿಗೆಯ ಆ ಧಗೆಯಲ್ಲಿ, ಕುದಿಯುವ ಮೆಷಿನ್ನಿನ ಪಕ್ಕದಲ್ಲಿ, ನಾನು ಹಲ್ಲು ಕಟಕಟಿಸುತ್ತ ನಿಲ್ಲುತ್ತಿದ್ದೆ. ಮೂಳೆ ಮೂಳೆಯನ್ನೂ ಯಾರೋ ಹಿಂಡಿ ಹಾಕಿದ ಹಾಗೆ. ಬಾಯಿಗೆ ಏನಿಟ್ಟರೂ ನಲ್ಲಿ ನೆಕ್ಕಿದ ರುಚಿ. ಕ್ಯಾಪ್ಸೂಲು ರಕ್ತವನ್ನು ನೀರು ಮಾಡಿತು. ಒಂದು ಮಹಡಿ ಹತ್ತಿದರೆ ಏದುಸಿರು. ಎರಡು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬರತೊಡಗಿತು. ಶುದ್ಧ ಬಟ್ಟೆಯ ಮೇಲೆ ಕೂದಲು ಬಿತ್ತೆಂದು ಇಸ್ತ್ರಿ ನನಗೆ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿದ. ಅದರೊಳಗೆ ಬೆವರು ಇಳಿದು ಕಣ್ಣಿಗೆ ಬರುತ್ತಿತ್ತು.

ಎದುರಿಗೆ ನಾದಿನಿ. ಅದೇ ಸೂಜಿ, ಅದೇ ಕಾಯಿಲೆ. ಅವಳು ಬೆಳಿಗ್ಗೆ ಒಂದು ಗುಳಿಗೆ ನುಂಗುತ್ತಿದ್ದಳು, ಮುಗಿಯಿತು. ಆರನೇ ವಾರಕ್ಕೆ ಅವಳ ಕೆನ್ನೆಗೆ ಬಣ್ಣ ಬಂತು. ಒದ್ದೆ ಹೊದಿಕೆ ಹಿಡಿದರೆ ಅವಳ ತುದಿ ಮೇಲೆ, ನನ್ನ ತುದಿ ನೆಲಕ್ಕೆ. ಯಾವ ಔಷಧಿ ಮೇಲೆಂದು ಹದಿನೆಂಟು ಆಸ್ಪತ್ರೆ ಸುತ್ತಿ ನೋಡಬೇಕಿರಲಿಲ್ಲ. ನೆಲಮಾಳಿಗೆಗೆ ಬಂದು ಒಂದು ಹೊದಿಕೆ ನೋಡಿದ್ದರೆ ಸಾಕಿತ್ತು.

ಇಸ್ತ್ರಿ ನೋಡಿದ. ಅವನೂ ಹೋಲಿಸಿದ. "ನಿನಗೂ ಅದೇ ಕಾಯಿಲೆ, ಅವಳಿಗೂ ಅದೇ ಕಾಯಿಲೆ. ಅವಳು ಮುನ್ನೂರು ಮಡಿಸ್ತಾಳೆ. ನೀನು ನೂರಕ್ಕೇ ಕೂತ್ಕೋತೀಯ. ಏನು ದಾಡಿ ನಿನಗೆ?"

ಒಂದು ದಿನ ಬಟ್ಟೆಯ ರಾಶಿಯ ಹಿಂದೆ ನಾದಿನಿ ನನ್ನನ್ನು ಎಳೆದುಕೊಂಡು ಹೋಗಿ ಸಮವಸ್ತ್ರದ ತುದಿಯ ಗಂಟು ಬಿಚ್ಚಿದಳು. ಒಳಗೆ ಮೂರು ಗುಳಿಗೆ.

"ಮೂರು ದಿನ ನುಂಗಿಲ್ಲ ಅತ್ತಿಗೆ. ಇನ್ನುಮೇಲೆ ದಿನ ಬಿಟ್ಟು ದಿನ ಹಂಚ್ಕೊಳ್ಳೋಣ. ನಿನಗರ್ಧ, ನನಗರ್ಧ."

ನಮ್ಮ ಮನೆಯಲ್ಲಿ ಎಲ್ಲವೂ ಹಾಗೆಯೇ ನಡೆದದ್ದು. ಒಂದು ಹೊದಿಕೆ ಇಬ್ಬರಿಗೆ, ಒಂದು ಸೋಪು ಇಬ್ಬರಿಗೆ. ಕಾಯಿಲೆಯನ್ನೂ ಪಾಲು ಮಾಡಿಕೊಂಡವರು ನಾವು. ಔಷಧಿಯೂ ಪಾಲಾಗುತ್ತದೆ ಎಂದುಕೊಂಡಿದ್ದಳು. ಅರ್ಧ ನುಂಗಿದರೆ ವೈರಸ್ಸು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ ಎಂದು ಪಟ್ಟಿಯವಳು ಮೊದಲ ದಿನವೇ ಹೇಳಿದ್ದಳು. ನಾನು ಅವಳ ಕೆನ್ನೆಗೆ ಫಟಾರನೆ ಬಾರಿಸಿದೆ. ಒಂದು ಗುಳಿಗೆಯನ್ನು ನನ್ನ ಕೈಯಾರೆ ಅವಳ ಬಾಯಿಗೆ ತುರುಕಿದೆ. ಅವಳು ಅಳುತ್ತ ನುಂಗಿದಳು. ಉಳಿದೆರಡನ್ನು ತಿರುಗಿ ಡಬ್ಬಿಗೆ ಹಾಕಿಸಿದೆ. ಮೂರು ದಿನದ ತಪ್ಪಿನಿಂದ ಅವಳಿಗೆ ಕೆಡುಕಾಗದಿರಲಿ ಎಂದು ವಾರಗಟ್ಟಲೆ ಹೆದರಿದೆ.

ಕೆಡುಕಾಗಲಿಲ್ಲ. ಹನ್ನೆರಡು ವಾರಕ್ಕೆ ಅವಳ ರಕ್ತ ಶುದ್ಧವಾಯಿತು. ಗುಳಿಗೆಯ ಹನ್ನೊಂದು ಜನರದೂ ಶುದ್ಧವಾಯಿತು. ನಾನು ಪಟ್ಟಿಯವಳ ಬಳಿ ಹೋದೆ.

"ಅವರಿಗೆಲ್ಲ ವಾಸಿ ಆಯ್ತಂತೆ. ಇನ್ನು ನಮಗೂ ಗುಳಿಗೆ ಕೊಡಬಹುದಲ್ವಾ?"

"ಮಧ್ಯದಲ್ಲಿ ಬಿಟ್ರೆ ಹೋಲಿಕೆ ಹಾಳಾಗುತ್ತೆ. ಇನ್ನು ಮೂವತ್ತಾರು ವಾರ ಅಷ್ಟೇ."

ಅಷ್ಟೇ ಎಂದಳು. ಆ ಮಾತನ್ನು ನಾನು ಮೂವತ್ತಾರು ವಾರವೂ ಹಲ್ಲಿನಡಿ ಅಗಿದೆ.

ಮನೆಯಲ್ಲಿ ಕಾಯಿಲೆಯ ಸುದ್ದಿ ತಿಳಿದ ದಿನವೇ ನನ್ನ ಗಂಡ ಎರಡು ತಟ್ಟೆ, ಎರಡು ಲೋಟ ಬೇರೆ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ. ಗೋಡೆಗೆ ಬಣ್ಣ ಹೊಡೆಯುವವನು ಅವನು. ನಮ್ಮ ತಟ್ಟೆಗಳ ತಳಕ್ಕೆ ಗುರುತಿಗೆಂದು ಕೆಂಪು ಬಣ್ಣವನ್ನೂ ಬಳಿದ. ನಾದಿನಿಗೆ ವಾಸಿಯಾದ ದಿನ ಅವಳ ತಟ್ಟೆಯ ಬಣ್ಣ ಕೆರೆದು ಅಡುಗೆಮನೆಗೆ ಸೇರಿಸಿಕೊಂಡ. ನನ್ನದು ಕಟ್ಟೆಯ ಮೇಲೇ ಉಳಿಯಿತು. ತಟ್ಟೆಯಿಂದ ಇದು ಹರಡುವುದಿಲ್ಲ, ರಕ್ತದಿಂದ ಮಾತ್ರ, ಡಾಕ್ಟರೇ ಹೇಳಿದ್ದಾರೆ ಎಂದೆ.

"ಡಾಕ್ಟರು ಹೇಳಿದ್ದೆಲ್ಲ ನಿಜ ಆಗಿದ್ರೆ ಇಷ್ಟು ಹೊತ್ತಿಗೆ ನೀನು ವಾಸಿ ಆಗಿರ್ತಿದ್ದೆ" ಎಂದ.

ಅವನ ಮೇಲೆ ಸಿಟ್ಟು ಬಂತು. ಅವನ ಮಾತಿನಲ್ಲಿ ತಪ್ಪು ಹುಡುಕಲಾಗದೆ ಇನ್ನೂ ಸಿಟ್ಟು ಬಂತು.

ಇಂಜೆಕ್ಷನ್ನಿಗೆ ಇನ್ನೊಂದು ಗುಣವಿತ್ತು. ಅದು ಮನಸ್ಸನ್ನೂ ತಿನ್ನುತ್ತಿತ್ತು. ನನಗೆ ಸುಮ್ಮಸುಮ್ಮನೆ ಕೋಪ ಬರುತ್ತಿತ್ತು. ಗಾಡಿಯಣ್ಣನಿಗೆ ಉಲ್ಟಾ ಆಯಿತು. ಅವನ ಬಾಯಿ ನಿಂತುಹೋಯಿತು. ಗಾಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಅದರ ಹಿಡಿ ಹಿಡಿದುಕೊಂಡು, ಹಾಗೇ ನಿಂತಿರುತ್ತಿದ್ದ. "ಏನಣ್ಣ?" ಎಂದರೆ "ಏನಿಲ್ಲ, ಬದುಕು ಬೇಡ ಅನ್ನಿಸ್ತಿದೆ ಅಷ್ಟೇ" ಎನ್ನುತ್ತಿದ್ದ, ಹೊತ್ತೆಷ್ಟಾಯಿತು ಎಂದು ಹೇಳುವ ದನಿಯಲ್ಲಿ. ನಾನೇ ಅವನನ್ನು ಪಟ್ಟಿಯವಳ ಬಳಿ ಕರೆದೊಯ್ದೆ. ಅವಳು ಕೇಳಿಸಿಕೊಂಡು ಒಂದು ಚೌಕದಲ್ಲಿ ಗೀಟು ಹಾಕಿದಳು. ನಾನು ಬಗ್ಗಿ ಓದಿದೆ. ಏಳನೇ ಕ್ಲಾಸು ಓದಿದವಳು ನಾನು. ಬೇಸರ: ಸಾಧಾರಣ.

ಮೂವತ್ತೊಂದನೇ ವಾರ ಗಾಡಿಯಣ್ಣ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಮರುದಿನ ಅವನ ಗಾಡಿಗೆ ಬೇರೆಯವನು ಬಂದ. ಅವನ ಹೆಂಡತಿ ಬಂದು ಮೆಟ್ಟಿಲ ಮೇಲೆ ಕೂತಳು. ದೊಡ್ಡ ಡಾಕ್ಟರು ಅವಳಿಗೆ ಹೇಳಿ ಕಳಿಸಿದ ಮಾತು ಇಷ್ಟು: "ಅವನ ಸ್ವಭಾವವೇ ಹಾಗಿತ್ತೇನೋ." ಇಡೀ ಆಸ್ಪತ್ರೆಯನ್ನು ನಗಿಸಿದವನ ಸ್ವಭಾವ.

ಅವತ್ತೇ ನಾನು ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಕೊನೆಯಲ್ಲಿ ಗುಳಿಗೆ ಇದೆಯಲ್ಲ ಎಂಬ ಆಸೆ.

ನಲವತ್ತೆಂಟು ವಾರ ಮುಗಿಯಿತು. ರಕ್ತದಲ್ಲಿ ವೈರಸ್ಸು ಕಾಣುತ್ತಿಲ್ಲ ಎಂದರು. ನಾನು ಒಗೆದ ಬಟ್ಟೆಯ ರಾಶಿಗೆ ಮುಖ ಒತ್ತಿ ಗೊಳೋ ಎಂದು ಅತ್ತೆ. ಮೂರು ತಿಂಗಳ ನಂತರ ಮತ್ತೆ ನೋಡಿದಾಗ ಅದು ತಿರುಗಿ ಬಂದಿತ್ತು. ನಮ್ಮಲ್ಲಿ ಉಳಿದಿದ್ದ ಹತ್ತು ಮಂದಿಯಲ್ಲಿ ಆರು ಮಂದಿಗೆ ತಿರುಗಿ ಬಂದಿತ್ತು.

ಅಂದು ದೊಡ್ಡ ಡಾಕ್ಟರೇ ಕೋಣೆಯಲ್ಲಿದ್ದರು. ನನ್ನ ಯಕೃತ್ತು ಗಟ್ಟಿಯಾಗುತ್ತಿದೆ ಎಂದರು.

"ಎಷ್ಟು ವರ್ಷ ಇರ್ತೀನಿ ಸಾರ್?"

"ಹಾಗೆಲ್ಲ ಹೇಳೋಕಾಗಲ್ಲಮ್ಮ. ಎರಡು, ಮೂರು. ಜೋಪಾನ ಮಾಡಿದ್ರೆ ಜಾಸ್ತಿ."

"ಹಾಗಿದ್ರೆ ಗುಳಿಗೆ ಶುರು ಮಾಡಿ. ಕೊನೇಲಿ ಕೊಡ್ತೀವಿ ಅಂದಿದ್ರಲ್ಲ."

ಅವರು ಪಟ್ಟಿಯವಳ ಮುಖ ನೋಡಿದರು. ಅವಳು ನಾನು ಸಹಿ ಹಾಕಿದ ಹಾಳೆಗಳನ್ನು ಮಗುಚಿ ಒಂಬತ್ತನೇ ಪುಟ ತೋರಿಸಿದಳು. ಅಧ್ಯಯನ ಮುಗಿದ ನಂತರ ಗುಳಿಗೆ ಒದಗಿಸುವ ಬಗ್ಗೆ ಪರಿಶೀಲಿಸಲಾಗುವುದು, ಎಂದಿತ್ತು.

"ಪರಿಶೀಲನೆ ಆಯ್ತು. ಗುಳಿಗೆ ಈಗ ಅಂಗಡಿಗೇ ಬಂದಿದೆ. ಕಂಪನಿಯವರು ಉಚಿತವಾಗಿ ಕೊಡಲ್ಲ ಅಂದ್ರು" ಎಂದರು ಡಾಕ್ಟರು.

ಅಂಗಡಿಯಲ್ಲಿ ಆ ಗುಳಿಗೆಯ ಬೆಲೆ ಕೇಳಿದರೆ ನಮ್ಮಂಥವರಿಗೆ ಅಲ್ಲೇ ಎದೆ ಒಡೆಯುತ್ತದೆ. ಯಕೃತ್ತಿನ ತನಕ ಹೋಗುವುದೇ ಬೇಡ.

"ಗುಳಿಗೆ ಕೆಲಸ ಮಾಡುತ್ತೆ ಅಂತ ಹನ್ನೆರಡನೇ ವಾರಕ್ಕೇ ನಿಮಗೆ ಗೊತ್ತಿತ್ತು. ಆಮೇಲೆ ಮೂವತ್ತಾರು ವಾರ ನನಗ್ಯಾಕೆ ಚುಚ್ಚಿದ್ರಿ?"

"ಪೂರ್ತಿ ಮಾಡದೆ ಹೋಲಿಕೆ ಆಗಲ್ಲಮ್ಮ. ನಿಮ್ಮಿಂದ ಮುಂದೆ ಲಕ್ಷಾಂತರ ಜನಕ್ಕೆ ಉಪಕಾರ ಆಗುತ್ತೆ. ಇನ್ನೊಂದೇ ಟ್ಯೂಬ್ ರಕ್ತ ಬಾಕಿ. ಮೂರು ತಿಂಗಳು ಬಿಟ್ಟು ಬಂದು ಕೊಟ್ಟು ಹೋಗಿ. ಅದಿಲ್ಲದೆ ನಮ್ಮ ಲೆಕ್ಕ ಮುಗಿಯಲ್ಲ."

ಅದೊಂದು ಮಾತು ಅವರು ಆಡಬಾರದಿತ್ತು. ಅವರ ಬಳಿ ಇಲ್ಲದ್ದು, ಅವರಿಗೆ ಬೇಕಾದ್ದು ನನ್ನ ಬಳಿ ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೂರು ತಿಂಗಳು ಬಿಟ್ಟು ಹೋದೆ. ಕುರ್ಚಿಯಲ್ಲಿ ಕೂತೆ. ರಕ್ತ ತೆಗೆಯುವವನು ತೋಳಿಗೆ ರಬ್ಬರ್ ಪಟ್ಟಿ ಬಿಗಿದ. ಆ ತೋಳಿನಲ್ಲಿ ನರ ಸಿಗುವುದೇ ಕಷ್ಟವಾಗಿತ್ತು. ಅವನು ಎರಡು ಬೆರಳಿನಿಂದ ತಟ್ಟಿ ತಟ್ಟಿ ಎಬ್ಬಿಸಿದ. ನರ ಎದ್ದಿತು. ನಾನು ಇನ್ನೊಂದು ಕೈಯಿಂದ ಪಟ್ಟಿ ಬಿಚ್ಚಿ ಅವನ ಮೇಜಿನ ಮೇಲಿಟ್ಟು ತೋಳು ಕೆಳಗಿಳಿಸಿದೆ.

"ಗುಳಿಗೆ ಮೊದಲು. ರಕ್ತ ಆಮೇಲೆ."

"ಅಮ್ಮಾ, ತಮಾಷೆ ಮಾಡ್ಬೇಡಿ."

"ನಲವತ್ತೆಂಟು ವಾರ ತಮಾಷೆ ಮಾಡಿದ್ದು ನಾನಲ್ಲಪ್ಪ. ಒಬ್ಬಳಿಗಲ್ಲ, ಆರು ಜನಕ್ಕೂ ಗುಳಿಗೆ ಬರಲಿ. ಹತ್ತು ಜನವೂ ಬಂದು ರಕ್ತ ಕೊಡ್ತೀವಿ."

ಹತ್ತು ಎಂದು ಬಾಯಿಗೆ ಬಂದದ್ದು ಅಂದೆ. ಉಳಿದವರನ್ನು ಕೇಳಿಯೇ ಇರಲಿಲ್ಲ. ಆಮೇಲೆ ಕೊಳೆಬಟ್ಟೆಯ ಗಾಡಿಗಳ ಹಿಂದೆ ಹಿಂದೆ ಹೋಗಿ ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ಎಲ್ಲರೂ ತೋಳು ಮುಚ್ಚಿಕೊಂಡರು. ವಾಸಿಯಾಗಿದ್ದ ನಾಲ್ವರೂ ಸಹ. ಶವಾಗಾರ ತೊಳೆಯುವ ಮುದುಕನೊಬ್ಬನಿದ್ದ. ಅವನು ಹೇಳಿದ್ದು: "ನಾನು ನೋಡೋರೆಲ್ಲ ಸತ್ತೋರೇ ತಾಯಿ. ಬದುಕಿರೋರು ಒಬ್ಬರು ಏನೋ ಕೇಳ್ತಿದ್ದಾರೆ. ಇಲ್ಲ ಅನ್ನೋಕಾಗುತ್ತಾ?"

ಆಸ್ಪತ್ರೆಯವರು ನಮ್ಮ ಕೆಲಸ ಬದಲಾಯಿಸಿ ನೋಡಿದರು. ನನ್ನನ್ನು ಕೊಳವೆಯ ಬಾಯಿಗೆ ಹಾಕಿದರು. ಬಿದ್ದ ಬಟ್ಟೆಯನ್ನು ಮೊದಲು ಮುಟ್ಟುವ ಜಾಗ ಅದು. ಹೆದರಿಸಿದರು. ಕೊನೆಗೆ ಇಸ್ತ್ರಿ ನನ್ನ ನಾದಿನಿಯನ್ನು ಕಳಿಸಿದ.

"ಕೊಟ್ಬಿಡು ಅತ್ತಿಗೆ. ಒಂದು ಟ್ಯೂಬು. ನಿನ್ನಿಂದ ನನ್ನ ಕೆಲಸಾನೂ ತೆಗೀತಾರಂತೆ."

"ನಿನಗೆ ವಾಸಿ ಆಯ್ತಲ್ಲ, ಇನ್ನೇನು. ನಾನು ಸತ್ರೆ ಎದುರು ತುದಿ ಹಿಡಿಯೋಕೆ ಇನ್ನೊಬ್ಬಳು ಬರ್ತಾಳೆ ಹೋಗು."

ಅದು ಆಡಬಾರದ ಮಾತಾಗಿತ್ತು. ಅವಳ ಮುಖ ಕಪ್ಪಿಟ್ಟಿತು. ಎರಡು ವಾರ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಆ ಎರಡು ವಾರ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ದೊಡ್ಡ ಸಭಾಂಗಣದಲ್ಲಿ ಸಭೆ ನಡೆಯಿತು. ಹದಿನೆಂಟು ಆಸ್ಪತ್ರೆಯ ಡಾಕ್ಟರುಗಳು, ಔಷಧಿ ಕಂಪನಿಯವರು ಬಂದಿದ್ದರು. ಮೇಜುಗಳಿಗೆ ಬಿಳಿ ಬಟ್ಟೆ ಹಾಸಲು ಕೈ ಸಾಲದೆ ನೆಲಮಾಳಿಗೆಯಿಂದ ನಮ್ಮನ್ನು ಎಬ್ಬಿಸಿಕೊಂಡು ಹೋದರು. ನಾನು ಹಿಂದಿನ ಸಾಲಿನ ಪಕ್ಕದಲ್ಲಿ ಬಟ್ಟೆಯ ಕಟ್ಟು ಅವಚಿಕೊಂಡು ನಿಂತಿದ್ದೆ. ವೇದಿಕೆಯ ಮೇಲೆ ನನ್ನ ನಾದಿನಿ ಇದ್ದಳು. ಗುಳಿಗೆಯಿಂದ ವಾಸಿಯಾದವಳು ಎಂದು ತೋರಿಸಲು ಹೊಸ ಸಮವಸ್ತ್ರ ತೊಡಿಸಿ, ಕೈಗೆ ಹೂಗುಚ್ಛ ಕೊಟ್ಟು ಕೂರಿಸಿದ್ದರು.

ದೊಡ್ಡ ಡಾಕ್ಟರ ಹಿಂದೆ ಪರದೆ, ಪರದೆಯ ಮೇಲೆ ಗುಂಪಿಗೊಂದರಂತೆ ನಕ್ಷೆಯ ಎರಡು ಕಂಬ. ನಾನೇ ಒಗೆದ ಕೋಟು ತೊಟ್ಟು ಅವರು ಓದಿದರು:

"ನಮ್ಮ ಕೇಂದ್ರದಲ್ಲಿ ಗುಳಿಗೆ ಗುಂಪಿನ ಹನ್ನೊಂದು ಮಂದಿಯೂ ಸಂಪೂರ್ಣ ಗುಣಮುಖ. ಇಂಜೆಕ್ಷನ್ ಗುಂಪಿನಲ್ಲಿ ಒಬ್ಬರು ಅಧ್ಯಯನಕ್ಕೆ ಸಂಬಂಧವಿಲ್ಲದ ಕಾರಣದಿಂದ ತೀರಿಕೊಂಡರು. ಹತ್ತು ಮಂದಿ ಕೊನೆಯ ಪರೀಕ್ಷೆಗೆ ಪತ್ತೆಯಾಗಲಿಲ್ಲ. ಈ ವರ್ಗದ ಜನ ಒಂದು ಕಡೆ ನಿಲ್ಲುವುದಿಲ್ಲ. ವಿಳಾಸ ಬದಲಾಯಿಸುತ್ತಾರೆ. ನಮ್ಮ ಸಿಬ್ಬಂದಿ ಎಲ್ಲ ಕಡೆ ಹುಡುಕಿದರು."

ಅವರ ಮುಂದೆ ಮೂವತ್ತು ಅಡಿ ದೂರದಲ್ಲಿ ನಾನು ನಿಂತಿದ್ದೆ. ಕಾಲ ಕೆಳಗೆ ನೆಲಮಾಳಿಗೆಯಲ್ಲಿ ಇನ್ನೂ ನಾಲ್ವರು ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದರು. ಅವರನ್ನು ಹುಡುಕಲು ಲಿಫ್ಟಿನ ಒಂದು ಗುಂಡಿ ಒತ್ತಿದರೆ ಸಾಕಿತ್ತು. ನಾವು ಬೇಡ ಎಂದಿದ್ದೆವು. ಅದನ್ನು ಬರೆಯಲೂ ಅವರಿಗೆ ಮನಸ್ಸಾಗಲಿಲ್ಲ. ಬೇಡ ಎಂದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಪತ್ತೆಯಾಗದವರನ್ನು ಯಾರು ಏನು ಕೇಳುತ್ತಾರೆ? ಕೂಗಬೇಕೆಂದುಕೊಂಡೆ, ದನಿ ಹೊರಡಲಿಲ್ಲ.

ಆಗ ನಾದಿನಿಯನ್ನು ಮೈಕಿಗೆ ಕರೆದರು. ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ದರು. ಎರಡು ಹೇಳಿದಳು. ಅವಳಿಗೆ ಕಾಯಿಲೆ ಇತ್ತು, ಗುಳಿಗೆಯಿಂದ ವಾಸಿಯಾಯಿತು. ಮೂರನೆಯದು ಧನ್ಯವಾದ. ಅದು ಅವಳ ಬಾಯಿಗೆ ಬರಲಿಲ್ಲ.

"ಅಲ್ಲಿ ಬಟ್ಟೆ ಹಿಡ್ಕೊಂಡು ನಿಂತಿದ್ದಾಳಲ್ಲ, ಅವಳು ನಮ್ಮತ್ತಿಗೆ" ಎಂದಳು. "ಆ ಹತ್ತರಲ್ಲಿ ಅವಳೊಬ್ಬಳು. ದಿನಾ ಬರ್ತಾಳೆ. ಯಾರೂ ಹುಡುಕಿಲ್ಲ."

ಇನ್ನೂರು ತಲೆ ನನ್ನ ಕಡೆ ತಿರುಗಿದವು. ಆಗ ನನ್ನ ದನಿ ಬಂತು.

"ನನ್ನ ನಂಬರು ಮೂವತ್ತೊಂದು. ಪತ್ತೆಯಾಗಿದ್ದೀನಿ. ಬರ್ಕೊಳ್ಳಿ."

ಪಟ್ಟಿಯವಳ ಕೈಯಲ್ಲಿ ಪೆನ್ನಿತ್ತು. ಅವಳು ದೊಡ್ಡ ಡಾಕ್ಟರ ಕಡೆ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಡಾಕ್ಟರು ಮೈಕಿನಲ್ಲಿ ನಗುತ್ತ ಹೇಳಿದರು: "ನಮ್ಮ ಲಾಂಡ್ರಿಯವರು. ಪಾಪ, ಭಾವುಕರು." ಯಾರೋ ಚಪ್ಪಾಳೆ ತಟ್ಟಿದರು. ಕಾವಲಿನವನು ನನ್ನ ರಟ್ಟೆ ಹಿಡಿದ. ಹೂಗುಚ್ಛವನ್ನು ನಾದಿನಿಯ ಕೈಯಿಂದ ಕಿತ್ತುಕೊಂಡರು. ಇನ್ನೊಬ್ಬರಿಗೆ ಕೊಡಬೇಕಿತ್ತಂತೆ.

ಮರುದಿನ ಬೆಳಿಗ್ಗೆ ಹನ್ನೊಂದು ಮಂದಿಯ ಕಾರ್ಡಿಗೆ ಗೇಟು ತೆರೆಯಲಿಲ್ಲ. ನಾವು ಹತ್ತು, ನಾದಿನಿ ಒಬ್ಬಳು. ವರದಿಯಲ್ಲಿ ಅವಳು ಸಂಪೂರ್ಣ ಗುಣಮುಖಳಾಗಿ ಉಳಿದಳು, ಕೆಲಸದಿಂದ ಮಾತ್ರ ಹೋದಳು. ಒಂದು ವಾರ ಗೇಟಿನೆದುರು ನಿಂತೆವು. ಎರಡನೇ ವಾರ ಹೊಸಬರು ಹನ್ನೊಂದು ಮಂದಿ ನಮ್ಮನ್ನು ಬಳಸಿಕೊಂಡು ಒಳಗೆ ಹೋದರು.

ನಾಲ್ಕು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಪಟ್ಟಿಯವಳು ನಮ್ಮ ಮೂರನೇ ಮಹಡಿಯ ಕೋಣೆ ಹುಡುಕಿಕೊಂಡು ಬಂದಳು. ಯಾವ ವಿಳಾಸವೂ ಬದಲಾಗಿರಲಿಲ್ಲ. ಏದುಸಿರು ಬಿಡುತ್ತ ಕೂತಳು. ಸಭೆಗೆ ಬಂದಿದ್ದ ಹೊರಗಿನ ಡಾಕ್ಟರೊಬ್ಬರು ದೊಡ್ಡ ಡಾಕ್ಟರಿಗೆ ಪತ್ರ ಬರೆದಿದ್ದರಂತೆ, ಆ ಮೂವತ್ತೊಂದನೇ ನಂಬರಿನ ಹೆಂಗಸು ಯಾರು, ಅವಳ ಕಥೆ ಏನು ಎಂದು. ಅವಳು ಚೀಲದಿಂದ ಒಂದು ಕಾಗದ, ಒಂದು ಖಾಲಿ ಟ್ಯೂಬು, ಮೂರು ಬಿಳಿ ಡಬ್ಬಿ ತೆಗೆದು ನೆಲದ ಮೇಲಿಟ್ಟಳು. ಒಂದೊಂದು ಡಬ್ಬಿಯಲ್ಲಿ ಇಪ್ಪತ್ತೆಂಟು ಗುಳಿಗೆ. ಹನ್ನೆರಡು ವಾರ.

ಕಾಗದ ಓದಿದೆ. ನಾನೇ ಹೇಳಿದ ಹಾಗೆ ಬರೆದಿತ್ತು: ನಾನು ನನ್ನ ಇಷ್ಟದಿಂದಲೇ ಊರು ಬಿಟ್ಟು ಹೋಗಿದ್ದೆ. ಉಳಿದ ಒಂಬತ್ತು ಮಂದಿಯೂ ಹಾಗೆಯೇ ಹೋದದ್ದು ನನಗೆ ಗೊತ್ತು. ಗಾಡಿ ತಳ್ಳುತ್ತಿದ್ದವನಿಗೆ ಮೊದಲಿನಿಂದಲೂ ಮನೋರೋಗವಿತ್ತು. ಕೆಳಗೆ ಸಹಿಗೆ ಜಾಗ.

"ಉಳಿದ ಐವರಿಗೆ ಗುಳಿಗೆ?"

"ಇಷ್ಟೇ ಕೊಟ್ಟಿರೋದು. ನಿಮ್ಮೊಬ್ಬರಿಗೆ. ಸಹಿ ಹಾಕಿ, ರಕ್ತ ಕೊಡಿ, ಇವತ್ತೇ ಶುರು ಮಾಡಬಹುದು."

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದ. "ಹಾಕೇ ಸಹಿ. ಏನು ನೋಡ್ತಿದ್ದೀಯ?" ಎಂದ. ನಾದಿನಿ ನನ್ನ ಕಾಲ ಬಳಿ ಕೂತು ನನ್ನ ಊದಿದ ಪಾದ ಹಿಡಿದುಕೊಂಡಳು. "ತಗೋ ಅತ್ತಿಗೆ. ಯಾರೂ ನಿನ್ನ ತಪ್ಪು ತಿಳ್ಕೊಳ್ಳಲ್ಲ. ನಾನೇ ಎಲ್ಲರಿಗೂ ಹೇಳ್ತೀನಿ" ಎಂದಳು.

ಒಂದು ಡಬ್ಬಿ ಎತ್ತಿಕೊಂಡೆ. ಹಗುರವಾಗಿತ್ತು. ಮುಚ್ಚಳ ತೆಗೆದು ನೋಡಿದೆ. ಒಂದು ಗುಳಿಗೆ ಬೆರಳಿಗೆ ತಗುಲಿತು. ನನಗೆ ಬದುಕಬೇಕೆಂದು ಆಸೆಯಿತ್ತು. ಈಗಲೂ ಇದೆ. ಆಸೆ ಇಲ್ಲದವಳು ದೊಡ್ಡ ಮನಸ್ಸು ತೋರಿಸುವುದು ಸುಲಭ. ನಾನು ಹಾಗಲ್ಲ. ಆ ಹೊತ್ತು ಗುಳಿಗೆ ನನ್ನ ನಾಲಿಗೆಯ ಮೇಲೇ ಇದ್ದಂತೆ ಬಾಯಲ್ಲಿ ನೀರೂರಿತು.

ಆದರೆ ನನ್ನ ಮಾತು ಕೇಳಿ ಒಂಬತ್ತು ಜನ ತೋಳು ಮುಚ್ಚಿಕೊಂಡಿದ್ದರು. ಕೆಲಸ ಹೋದ ಮೇಲೂ ಒಬ್ಬರೂ ನನ್ನನ್ನು ಬೈದಿರಲಿಲ್ಲ. ಅವರು ಓಡಿಹೋದರು ಎಂದು ನಾನು ಬರೆಯಬೇಕು. ಮೆಟ್ಟಿಲ ಮೇಲೆ ಕೂತಿದ್ದ ಆ ಹೆಂಗಸಿಗೆ, ನಿನ್ನ ಗಂಡ ಮೊದಲೇ ಹುಚ್ಚನಾಗಿದ್ದ ಎಂದು ನಾನು ಹೇಳಬೇಕು. ಇಷ್ಟು ದಿನ ಅವರ ಲೆಕ್ಕಕ್ಕೆ ನನ್ನ ರಕ್ತ ಬೇಕಿತ್ತು. ಈಗ ಅವರ ಸುಳ್ಳಿಗೆ ನನ್ನ ಸಹಿಯೂ ಬೇಕಾಗಿದೆ.

ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಮೂರು ಡಬ್ಬಿಯನ್ನೂ ಟ್ಯೂಬನ್ನೂ ಅವಳ ಚೀಲಕ್ಕೆ ಹಾಕಿದೆ. ಕಾಗದ ನನ್ನ ಬಳಿಯೇ ಇಟ್ಟುಕೊಂಡೆ. ಪತ್ರ ಬರೆದ ಆ ಹೊರಗಿನ ಡಾಕ್ಟರಿಗೆ ಇದನ್ನೇ ಕಳಿಸುತ್ತೇನೆ. ಅವರು ಓದುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

"ಏನಂತ ಹೇಳ್ಲಿ ನಾನು ಅವರಿಗೆ?" ಪಟ್ಟಿಯವಳ ಕಣ್ಣಲ್ಲಿ ನೀರಿತ್ತು. ಅವಳಿಗೂ ಕೆಲಸ ಉಳಿಸಿಕೊಳ್ಳಬೇಕಿತ್ತು.

"ಮನೆ ತನಕ ಹೋಗಿದ್ದೆ, ಆ ಹೆಂಗಸು ಪತ್ತೆಯಾಗಲಿಲ್ಲ ಅಂತ ಬರ್ಕೊಳಮ್ಮ. ನಿಮಗದು ಅಭ್ಯಾಸ ಇದೆ."

ನಾದಿನಿ ನನ್ನ ಪಾದ ಬಿಡದೆ ಅಳತೊಡಗಿದಳು. ಗಂಡ ಗೋಡೆಗೆ ತಲೆ ಚಚ್ಚಿಕೊಂಡ. ಪಟ್ಟಿಯವಳು ಮೆಟ್ಟಿಲಿಳಿದು ಹೋದಳು. ಮೂರು ಮಹಡಿ ಇಳಿಯುವ ತನಕವೂ ಅವಳ ಚೀಲದಲ್ಲಿ ಗುಳಿಗೆಗಳು ಗಲಗಲ ಎನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು.